ದೇವರ ಮೀನು, ಗಾಜಿನ ತೊಟ್ಟಿ ಮತ್ತು ನೀರಿನ ಲೆಕ್ಕ

ಮನೆಯಲ್ಲಿ ಅಕ್ವೇರಿಯಂ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: "ವಾರ ವಾರ ತೊಟ್ಟಿ ಖಾಲಿ ಮಾಡಿ, ಕಲ್ಲನ್ನೆಲ್ಲ ಉಜ್ಜಿ ತೊಳೆದು, ಹೊಸ ನೀರು ತುಂಬ್ತೀವಿ. ಆದ್ರೂ ಮೀನು ಯಾಕೆ ಸಾಯುತ್ತೆ?"

ಇದೇ ಮಂದಿ ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಮೇಲೆ ನಿಂತು, ದೊಡ್ಡ ದೊಡ್ಡ ಮೀನುಗಳು ಮಂಡಕ್ಕಿಗಾಗಿ ಒಂದರ ಮೇಲೊಂದು ಬೀಳುವುದನ್ನು ನೋಡಿ ಬೆರಗಾಗಿರುತ್ತಾರೆ. ಆ ಕಲ್ಲುಗಳನ್ನು ಯಾರೂ ಉಜ್ಜಿ ತೊಳೆದಿಲ್ಲ. ಪಾಚಿ ಬೇರೆ ಕಟ್ಟಿರುತ್ತದೆ, ಕಾಲಿಟ್ಟರೆ ಜಾರುತ್ತದೆ. ಆದರೂ ಮೀನುಗಳು ಗುಂಡುಗುಂಡಾಗಿ ಚೆನ್ನಾಗಿಯೇ ಇವೆ!

ಈ ಎರಡು ನೀರಿಗೂ ಇರುವ ವ್ಯತ್ಯಾಸವೇನು ಅಂತ ಹುಡುಕುತ್ತಾ ಹೋದರೆ ಒಂದು ಸ್ವಾರಸ್ಯಕರ ಚರಿತ್ರೆ ಸಿಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಣ್ಣಿಗೆ ಶುಭ್ರವಾಗಿ ಕಾಣುವ ನೀರು ಬೇರೆ, ಮೀನಿಗೆ ಒಳ್ಳೆಯದಾದ ನೀರು ಬೇರೆ. ಇದು ಮನುಷ್ಯನಿಗೆ ಅರ್ಥವಾಗಿ ಇನ್ನೂ ನೂರೈವತ್ತು ವರ್ಷ ಆಗಿಲ್ಲ.

*ಮನುವಿನ ಮಡಕೆ*

ಮೀನು ಸಾಕಿದ ಮೊದಲ ಕಥೆ ನಮಗೆಲ್ಲ ಗೊತ್ತಿರುವುದೇ. ಶತಪಥ ಬ್ರಾಹ್ಮಣದಲ್ಲಿ ಮನು ಕೈ ತೊಳೆಯಲು ತಂದ ನೀರಿನಲ್ಲಿ ಒಂದು ಪುಟ್ಟ ಮೀನು ಬರುತ್ತದೆ. ನನ್ನನ್ನು ಕಾಪಾಡು, ಮುಂದೆ ನಾನು ನಿನ್ನನ್ನು ಕಾಪಾಡುತ್ತೇನೆ ಅನ್ನುತ್ತದೆ. ಮೊದಲು ಮಡಕೆಯಲ್ಲಿ ಇಡಬೇಕು, ಅದು ಸಾಲದಾದಾಗ ಹೊಂಡ ತೋಡಿ ಬಿಡಬೇಕು, ಅದೂ ಸಾಲದಾದಾಗ ಸಮುದ್ರಕ್ಕೆ ಒಯ್ಯಬೇಕು. ಮತ್ಸ್ಯಾವತಾರದ ಕಥೆ ಬೆಳೆದದ್ದು ಇಲ್ಲಿಂದಲೇ.

ಭಕ್ತಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮೀನು ಸಾಕುವವರ ಕಣ್ಣಿಂದ ಓದಿ. ಮೀನು ಬೆಳೆದ ಹಾಗೆ ನೀರೂ ಬೆಳೆಯಬೇಕು ಎಂಬುದು ಆ ಕಥೆಯಲ್ಲೇ ಇದೆ. ಇವತ್ತು ಅಂಗಡಿಯವರು ಅಂಗೈಯಷ್ಟು ಗಾಜಿನ ಬಟ್ಟಲಲ್ಲಿ ಎರಡು ಗೋಲ್ಡ್‌ಫಿಶ್ ಹಾಕಿ ಕೊಡುತ್ತಾರಲ್ಲ, ಅವರಿಗೆ ಈ ಕಥೆ ಯಾರಾದರೂ ಹೇಳಬೇಕು.

ಅಶೋಕನ ಐದನೆಯ ಸ್ತಂಭ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಇದೆ. ಅದರಲ್ಲಿ ಮೀನೂ ಸೇರಿದೆ. ವರ್ಷದ ಕೆಲವು ನಿರ್ದಿಷ್ಟ ದಿನಗಳಲ್ಲಿ ಮೀನು ಕೊಲ್ಲುವಂತಿಲ್ಲ, ಮಾರುವಂತೆಯೂ ಇಲ್ಲ. ನಮ್ಮ ನಾಡಿಗೇ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ೧೨ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಅಂತಲೇ ಒಂದು ಅಧ್ಯಾಯ ಇದೆ. ಯಾವ ಮೀನು ಹೊಳೆಯದು, ಯಾವುದು ಕಡಲಿನದು, ಯಾವುದಕ್ಕೆ ಹುರುಪೆ ಇದೆ, ಯಾವುದಕ್ಕೆ ಇಲ್ಲ, ಯಾವುದಕ್ಕೆ ಏನು ತಿನ್ನಿಸಬೇಕು ಎಂದೆಲ್ಲ ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ಬಗ್ಗೆ ಬರೆದಿದ್ದಾನೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನು ತಜ್ಞ ಸುಂದರ್ ಲಾಲ್ ಹೋರಾ ೧೯೫೧ರಲ್ಲಿ ಈ ಅಧ್ಯಾಯವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಸೋಮೇಶ್ವರನ ಆಸಕ್ತಿ ಗಾಳ ಹಾಕುವುದರಲ್ಲಿ, ಅದು ನಿಜ. ಆದರೆ ಮೀನನ್ನು ಅಷ್ಟು ಹತ್ತಿರದಿಂದ ನೋಡಿದ್ದ ಅನ್ನುವುದೂ ನಿಜ.

*ಹೊಳೆಯೇ ತೊಟ್ಟಿ*

ಮಲೆನಾಡಿನವರ ದಾರಿ ಇನ್ನೂ ಸುಲಭದ್ದು. ಮೀನನ್ನು ಮನೆಗೆ ತರಲಿಲ್ಲ, ಅದಿದ್ದ ಗುಂಡಿಯನ್ನೇ ದೇವರಿಗೆ ಬಿಟ್ಟುಬಿಟ್ಟರು. ಶೃಂಗೇರಿಯ ಮಠದ ಎದುರಿನ ತುಂಗೆ, ಕೆಳಗೆ ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಘಟ್ಟದ ಬುಡದಲ್ಲಿ ಕಪಿಲಾ ಹೊಳೆಯ ದಡದ ಶಿಶಿಲ, ಹಾಸನ ಜಿಲ್ಲೆಯಲ್ಲಿ ಕಾವೇರಿಯ ರಾಮನಾಥಪುರ... ಇಲ್ಲೆಲ್ಲ ಇರುವವು ದೇವರ ಮೀನು. ಮುಟ್ಟುವ ಹಾಗಿಲ್ಲ. ಮೀನಿಲ್ಲದೆ ಊಟ ಸೇರದವರೂ ಈ ಮೀನಿಗೆ ಗಾಳ ಹಾಕುವುದಿಲ್ಲ. ಈಗ ಇಂಥ ಜಾಗಗಳನ್ನು ಮತ್ಸ್ಯಧಾಮ ಅನ್ನುತ್ತೇವೆ.

ತುಂಗೆಯ ಈ ಮೀನುಗಳಲ್ಲಿ ಎದ್ದು ಕಾಣುವುದು ಮಹಸೀರ್. ದೊಡ್ಡ ದೊಡ್ಡ ಹುರುಪೆ, ದಪ್ಪ ತುಟಿ. ಟಾರ್ ಖುದ್ರಿ ಅಂತ ಇದರ ಶಾಸ್ತ್ರೀಯ ಹೆಸರು. ಪುಣೆ ಹತ್ತಿರದ ಹೊಳೆಯ ಮೀನನ್ನು ನೋಡಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ೧೮೩೯ರಲ್ಲಿ ಮೊದಲು ವರ್ಣಿಸಿದ. ಈ ಜಾತಿಗೆ ತಂಪಾದ, ಓಡುವ, ಆಮ್ಲಜನಕ ಚೆನ್ನಾಗಿ ಬೆರೆತ ನೀರು ಬೇಕು. ೨೦ ಡಿಗ್ರಿ ತಂಪಿನ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು ೯ ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಅದೇ ನೀರು ೩೦ ಡಿಗ್ರಿಗೆ ಬಿಸಿಯಾದರೆ ಏಳೂವರೆ ಮಿಲಿಗ್ರಾಂ. ಮರದ ನೆರಳು, ಆಳದ ಗುಂಡಿ, ಬಂಡೆಗೆ ಬಡಿದು ನೊರೆಯಾಗುವ ನೀರು ಇವೆಲ್ಲ ಹೊಳೆಗೆ ಬರೀ ಅಲಂಕಾರ ಅಲ್ಲ.

ಮನೆಯ ಹತ್ತಿರಕ್ಕೆ ಬಂದ ಮೀನು ಅಂದರೆ ಬಾವಿಯದು. ಹುಳು ಹುಪ್ಪಟೆ, ಸೊಳ್ಳೆ ಮರಿ ತಿನ್ನಲಿ ಅಂತ ಬಾವಿಗೆ ನಾಲ್ಕು ಮೀನು ಬಿಡುವುದು ಹಳೆಯ ಪದ್ಧತಿ. ಮಲೇರಿಯಾ ಮಲೆನಾಡನ್ನು ಹಿಂಡುತ್ತಿದ್ದ ಕಾಲದಲ್ಲಿ ಸರ್ಕಾರಗಳೂ ಇದನ್ನೇ ಹಿಡಿದವು. ೧೯೨೮ರಲ್ಲಿ ಗಂಬೂಸಿಯಾ ಎಂಬ ಪುಟ್ಟ ಮೀನು ಇಟಲಿಯಿಂದ ಭಾರತಕ್ಕೆ ಬಂತು. ಅದು ಸೊಳ್ಳೆ ಮರಿಯ ಜೊತೆಗೆ ನಮ್ಮ ಮೀನು, ಕಪ್ಪೆಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಇಲ್ಲಿ ಲೆಕ್ಕ ತಿರುಗಾಮುರುಗಾ ನೋಡಿ. ಬಾವಿಯಲ್ಲಿ ಮೀನು ನಮ್ಮ ನೀರನ್ನು ಕಾಯಬೇಕು. ಅಕ್ವೇರಿಯಂನಲ್ಲಿ ನಾವು ಮೀನಿನ ನೀರನ್ನು ಕಾಯಬೇಕು.

*ಅಪ್ಪನ ತೊಟ್ಟಿ, ಮಗನ ಉತ್ತರ*

ಗಾಜಿನ ತೊಟ್ಟಿಯ ಕಥೆ ಯುರೋಪಿನದು. ೧೮೩೨ರಲ್ಲಿ ಸಿಸಿಲಿಯಲ್ಲಿದ್ದ ಜಾನ್ ವಿಲಪ್ರೂ ಪವರ್ ಎಂಬ ಮಹಿಳೆ ಸಮುದ್ರ ಜೀವಿಗಳನ್ನು ನೋಡಲು ಗಾಜಿನ ತೊಟ್ಟಿ ಮಾಡಿಸಿದ್ದರು. ಆದರೆ ನೀರು ಬದಲಾಯಿಸದೆ ಮೀನನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ನೇರವಾಗಿ ಹಿಡಿದವರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. ೧೮೪೯ರಲ್ಲಿ ಅವರು ೧೨ ಗ್ಯಾಲನ್, ಅಂದರೆ ಸುಮಾರು ೫೫ ಲೀಟರ್ ಹಿಡಿಸುವ ತೊಟ್ಟಿಯಲ್ಲಿ ಮರಳು, ಕಲ್ಲು ಹಾಕಿ ಎರಡು ಗೋಲ್ಡ್‌ಫಿಶ್ ಬಿಟ್ಟರು. ಜೊತೆಗೆ ವ್ಯಾಲಿಸ್ನೇರಿಯಾ ಎಂಬ ನೀರುಗಿಡ. ರಿಬ್ಬನ್ನಿನ ಹಾಗೆ ಉದ್ದ ಎಲೆಯ ಈ ಗಿಡ ನಮ್ಮ ದೇಶದ ಕೆರೆ ಹೊಳೆಗಳಲ್ಲೂ ಇದೆ.

ಗಿಡ ಆಮ್ಲಜನಕ ಬಿಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ. ಮೀನು ಬಿಟ್ಟ ಇಂಗಾಲಾಮ್ಲ ಗಿಡಕ್ಕೆ. ಲೆಕ್ಕ ಸರಿಹೋಗಬೇಕಿತ್ತು. ಹೋಗಲಿಲ್ಲ. ಹಳೆಯ ಎಲೆಗಳು ಕೊಳೆತು ನೀರು ಕದಡಿತು. ವಾರಿಂಗ್ಟನ್ ಆಗ ನಾಲ್ಕಾರು ನೀರು ಬಸವನಹುಳು ತಂದು ಬಿಟ್ಟರು. ಅವು ಕೊಳೆತದ್ದನ್ನೆಲ್ಲ ತಿಂದವು, ನೀರು ತಿಳಿಯಾಯಿತು. ೧೮೫೦ರಲ್ಲಿ ಇದನ್ನು ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ೧೮೫೪ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ "ಅಕ್ವೇರಿಯಂ" ಎಂಬ ಹೆಸರು ಮನೆಮಾತಾಯಿತು. ಆ ಗೀಳು ನಮ್ಮಲ್ಲಿಗೆ ಬಂದದ್ದು ತಡವಾಗಿ. ಮದರಾಸಿನ ಮರೀನಾದಲ್ಲಿ ೧೯೦೯ರಲ್ಲಿ, ಬೊಂಬಾಯಿಯ ತಾರಾಪೋರ್‌ವಾಲಾ ೧೯೫೧ರಲ್ಲಿ, ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿನದು ೧೯೮೩ರಲ್ಲಿ.

ಆದರೆ ವಾರಿಂಗ್ಟನ್ ಲೆಕ್ಕದಲ್ಲಿ ಒಂದು ದೊಡ್ಡ ಬಾಬತ್ತು ಬಿಟ್ಟುಹೋಗಿತ್ತು. ಮೀನು ಕಿವಿರಿನ ಮೂಲಕ ಬಿಡುವುದು ಇಂಗಾಲಾಮ್ಲ ಒಂದನ್ನೇ ಅಲ್ಲ, ಅಮೋನಿಯಾವನ್ನೂ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಅದಕ್ಕೆ ಬಣ್ಣವಿಲ್ಲ. ನೀರು ಪನ್ನೀರಿನ ಹಾಗೆ ಕಾಣುತ್ತಿರುತ್ತದೆ, ಒಳಗೆ ಮೀನಿನ ಕಿವಿರು ಸುಡುತ್ತಿರುತ್ತದೆ. ಹಾಗಾದರೆ ಹೊಳೆಯಲ್ಲಿ, ಕೆರೆಯಲ್ಲಿ ಈ ಅಮೋನಿಯಾ ಎಲ್ಲಿ ಹೋಗುತ್ತದೆ?

೧೮೭೭ರಲ್ಲಿ ಪ್ಯಾರಿಸಿನಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಮರಳು, ಸುಣ್ಣಕಲ್ಲು ತುಂಬಿದ ಉದ್ದ ಕೊಳವೆಯಲ್ಲಿ ಚರಂಡಿ ನೀರನ್ನು ಮೆಲ್ಲಗೆ ಇಳಿಬಿಟ್ಟರು. ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ಸುಮಾರು ಇಪ್ಪತ್ತು ದಿನದ ಮೇಲೆ ಅಮೋನಿಯಾ ಮಾಯವಾಗಿ, ಕೆಳಗೆ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಕೊಟ್ಟರು, ಕೆಲಸ ನಿಂತಿತು. ಸ್ವಲ್ಪ ತೋಟದ ಮಣ್ಣಿನ ನೀರು ಹಾಕಿದರು, ಮತ್ತೆ ಶುರುವಾಯಿತು! ಅಂದರೆ ಇದನ್ನು ಮಾಡುತ್ತಿದ್ದದ್ದು ಬರೀ ಮರಳಲ್ಲ, ಮರಳಿಗೆ ಅಂಟಿಕೊಂಡಿದ್ದ ಜೀವಿಗಳು.

ಇನ್ನೊಂದು ಚೆಂದದ ಸಂಗತಿ ಕೇಳಿ. ಈ ಸುದ್ದಿ ಕೇಳಿದ ಇಂಗ್ಲೆಂಡಿನ ಕೃಷಿ ರಸಾಯನಶಾಸ್ತ್ರಜ್ಞರೊಬ್ಬರು ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಕೂತು ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ ಅಂತ ತೋರಿಸಿದರು. ಮೊದಲು ಅಮೋನಿಯಾ ನೈಟ್ರೈಟ್ ಆಗುತ್ತದೆ, ಆಮೇಲೆ ನೈಟ್ರೈಟ್ ನೈಟ್ರೇಟ್ ಆಗುತ್ತದೆ, ಎರಡಕ್ಕೂ ಬೇರೆ ಬೇರೆ ಜೀವಿಗಳು. ಅವರ ಹೆಸರೂ ರಾಬರ್ಟ್ ವಾರಿಂಗ್ಟನ್. ಆ ತೊಟ್ಟಿಯ ವಾರಿಂಗ್ಟನ್ನರ ಮಗ! ಅಪ್ಪ ಗೋಲ್ಡ್‌ಫಿಶ್ ಬಿಟ್ಟಾಗ ಹುಡುಗನಿಗೆ ಹತ್ತು ಹನ್ನೊಂದು ವರ್ಷ. ಅಪ್ಪನ ತೊಟ್ಟಿಯಲ್ಲಿ ಲೆಕ್ಕಕ್ಕೆ ಸಿಗದೆ ಉಳಿದಿದ್ದಕ್ಕೆ ಮಗ ಮೂವತ್ತು ವರ್ಷದ ಮೇಲೆ ಹೊಲದ ಮಣ್ಣಿನಲ್ಲಿ ಉತ್ತರ ಹುಡುಕಿದ ಹಾಗಾಯಿತು. ಆದರೆ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಲು ಅವರಿಗೆ ಆಗಲಿಲ್ಲ. ಅದನ್ನು ೧೮೯೦ರಲ್ಲಿ ಸಾಧಿಸಿದವರು ರಷ್ಯಾದ ವಿನೋಗ್ರಾಡ್‌ಸ್ಕಿ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡನೇ ಹಂತದ ಕೆಲಸ ನೈಟ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ್ದು ಅಂತ ಪುಸ್ತಕಗಳೆಲ್ಲ ಹೇಳುತ್ತಿದ್ದವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಅದನ್ನು ಮಾಡುವುದು ನೈಟ್ರೋಸ್ಪೈರಾ ಅಂತ ೧೯೯೮ರಲ್ಲಿ ಗೊತ್ತಾಯಿತು. ೨೦೧೫ರಲ್ಲಿ ಮೀನು ಸಾಕಣೆಯ ಫಿಲ್ಟರ್ ಒಂದರಲ್ಲಿ ಎರಡೂ ಹಂತಗಳನ್ನು ಒಂದೇ ಮಾಡಿ ಮುಗಿಸುವ ಬ್ಯಾಕ್ಟೀರಿಯಾ ಸಿಕ್ಕಿತು. ನೂರ ಇಪ್ಪತ್ತೈದು ವರ್ಷದ ತಿಳಿವಳಿಕೆಯನ್ನು ಮೀನಿನ ಫಿಲ್ಟರೊಂದು ತಿದ್ದಿತು ಅನ್ನಿ.

*ಹಾಗಾದರೆ ಮನೆಯ ತೊಟ್ಟಿ?*

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ವಾರ ವಾರ ಕಲ್ಲು, ಸ್ಪಂಜು ಎಲ್ಲ ಉಜ್ಜಿ ತೊಳೆದಾಗ ನಾವು ತೊಳೆದು ಚೆಲ್ಲುವುದು ಈ ಬ್ಯಾಕ್ಟೀರಿಯಾಗಳನ್ನೇ. ಪ್ರತಿ ವಾರ ಮೀನುಗಳು ಹೊಸ ಮನೆಗೆ, ಅದೂ ಪಾಯಖಾನೆ ಇಲ್ಲದ ಮನೆಗೆ ಹೋದ ಹಾಗೆ.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಒಂದೆರಡು ಗಟ್ಟಿ ಮೀನು ಸಾಕು, ತಿಂಡಿ ಚಿಟಿಕೆಯಷ್ಟು. ಆಮೇಲೂ ವಾರಕ್ಕೆ ಕಾಲು ಭಾಗ ನೀರು ಮಾತ್ರ ಬದಲಾಯಿಸಿ. ಬ್ಯಾಕ್ಟೀರಿಯಾ ಮಾಡಿಟ್ಟ ನೈಟ್ರೇಟ್ ಹೊರಗೆ ಹೋಗುವುದು ಹೀಗೇ (ಸ್ವಲ್ಪವನ್ನು ಗಿಡಗಳೂ ಹೀರುತ್ತವೆ). ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿಂಡಿ ಹಾಕಿ.

ಊರಿಂದ ಊರಿಗೆ ನೀರು ಬೇರೆ. ಬೆಂಗಳೂರಿನ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಬ್ಯಾಕ್ಟೀರಿಯಾಕ್ಕೂ ಮೀನಿಗೂ ವಿಷ. ಬಾಯಿ ಅಗಲದ ಪಾತ್ರೆಯಲ್ಲಿ ಒಂದು ದಿನ ಇಡಬೇಕು, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿ ಹಾಕಬೇಕು. ಕೊಪ್ಪ, ಶೃಂಗೇರಿ ಕಡೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುವ ನೀರಿಗೆ ಆ ಕಾಟ ಇಲ್ಲ, ಬೇರೆ ಕಾಟ ಇದೆ. ಅಷ್ಟು ಮಳೆ ತೊಳೆದ ನೆಲದ ನೀರು ತೀರಾ ಮೆದು, ಅದರಲ್ಲಿ ಸುಣ್ಣದ ಅಂಶ ಕಡಿಮೆ. ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತಾ ಇರುವ ಕ್ಷಾರವನ್ನೂ ಖರ್ಚು ಮಾಡುತ್ತವೆ, ನೀರು ಮೆಲ್ಲಗೆ ಹುಳಿಯಾಗುತ್ತದೆ. ಫಿಲ್ಟರಿನಲ್ಲಿ ಒಂದು ಹಿಡಿ ತೊಳೆದ ಕಪ್ಪೆಚಿಪ್ಪು ಇಟ್ಟರೆ ಅದು ಕರಗುತ್ತಾ ಸರಿದೂಗಿಸುತ್ತದೆ. ಶ್ಲೋಸಿಂಗ್ ಕೊಳವೆಯಲ್ಲಿ ಸುಣ್ಣಕಲ್ಲು ಹಾಕಿದ್ದರ ಗುಟ್ಟೂ ಇದೇ.

ಇನ್ನು ಮಳೆಗಾಲದ ಕರೆಂಟು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮರ ಬಿದ್ದು ಎರಡು ದಿನ ಕರೆಂಟಿಲ್ಲ ಅಂದರೆ ಫಿಲ್ಟರ್ ನಿಂತು, ಆ ಬ್ಯಾಕ್ಟೀರಿಯಾಗಳೇ ಉಸಿರುಕಟ್ಟಿ ಸಾಯುತ್ತವೆ. ಅದಕ್ಕೇ ಅಂಥ ಊರಿನಲ್ಲಿ ಎತ್ತರದ ತೊಟ್ಟಿಗಿಂತ ಅಗಲದ ತೊಟ್ಟಿ, ಹೆಚ್ಚು ಗಿಡ, ಕಡಿಮೆ ಮೀನು ಒಳ್ಳೆಯದು. ಕರೆಂಟು ಹೋದಾಗ ತಿಂಡಿ ನಿಲ್ಲಿಸಿ, ಆಗಾಗ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿಯಿರಿ. ತುಂಗೆ ಬಂಡೆಗೆ ಬಡಿದು ಮಾಡುವುದೂ ಅದನ್ನೇ.

*ಹೊಳೆಯ ಲೆಕ್ಕ*

ಇದೇ ಲೆಕ್ಕವನ್ನು ಮತ್ತೆ ಹೊಳೆಗೆ ಹಾಕಿ ನೋಡಿದರೆ ಸ್ವಲ್ಪ ಭಯವಾಗುತ್ತದೆ. ಯಾಕೆಂದರೆ ದೇವರ ಮೀನಿಗೆ ನಾವು ಕೊಟ್ಟ ರಕ್ಷಣೆ ಗಾಳ, ಬಲೆಗಳಿಂದ. ನೀರಿನಿಂದ ಬರುವ ಸಾವಿಗೆ ಆ ರಕ್ಷಣೆ ಸಾಲದು.

ನೀರಿನ ಮೂಲಕ ಮೀನು ಕೊಲ್ಲುವುದು ಹೊಸತೇನಲ್ಲ. ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕುವುದು ಹಳೆಯ ವಿದ್ಯೆ, ತೋಟೆ ಹೊಡೆಯುವುದು ಆಮೇಲೆ ಬಂತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ೧೮೭೦ರಲ್ಲೇ ಅಲ್ಲಿನ ಹೊಳೆಮೀನುಗಳ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ೧೮೯೭ರ ಭಾರತೀಯ ಮೀನುಗಾರಿಕೆ ಕಾಯ್ದೆ ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಸಿಡಿಮದ್ದು, ವಿಷ ಎರಡನ್ನೂ ಅಪರಾಧ ಮಾಡಿತು. ಅದಾಗಿ ತೊಂಬತ್ತೊಂಬತ್ತು ವರ್ಷದ ಮೇಲೆ, ೧೯೯೬ರಲ್ಲಿ, ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿದರು. ಸಾವಿರಾರು ದೇವರ ಮೀನು ಸತ್ತು ತೇಲಿದವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕ ಇದೆ. ಮೀನಿಗೆ ಸ್ಮಾರಕ ಕಟ್ಟಿದ ಊರು ಬೇರೆ ಎಲ್ಲಿದೆ ಹೇಳಿ!

ಅದು ದ್ವೇಷದ ಕೆಲಸ. ದ್ವೇಷವಿಲ್ಲದೆ ಆಗುವುದೂ ಇದೆ. ಅಡಿಕೆಗೆ ಕೊಳೆರೋಗ ಬಂದಾಗ ಮೊದಲೆಲ್ಲ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ ೧೯೧೦ರಲ್ಲಿ ಪುಸ್ತಿಕೆ ಪ್ರಕಟಿಸಿದರು. ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂದದ್ದು ಅವರಿಂದ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಎಷ್ಟೋ ಮನೆಗಳು ಇವತ್ತು ಉಳಿದಿರುವುದೇ ಈ ಔಷಧಿಯಿಂದ, ಅದನ್ನು ಬೈಯುವ ಹಕ್ಕು ನನಗಿಲ್ಲ. ಆದರೆ ಮೈಲುತುತ್ತ ಅಂದರೆ ತಾಮ್ರ. ತಾಮ್ರ ಮೀನಿಗೆ ವಿಷ, ಬಸವನಹುಳಕ್ಕೆ ಇನ್ನೂ ವಿಷ. ಮೆದು ನೀರಿನಲ್ಲಿ ಅದರ ವಿಷ ಹೆಚ್ಚು. ನಮ್ಮ ನೀರು ಮೆದು ಅಂತ ಆಗಲೇ ಹೇಳಿದೆನಲ್ಲ? ಔಷಧಿ ಹೊಡೆದ ಮೇಲೆ ಡ್ರಮ್ಮು, ಪೈಪುಗಳನ್ನು ಹಳ್ಳದಲ್ಲಿ ತೊಳೆಯುವ ಬದಲು ತೋಟದ ಮಣ್ಣಿನ ಮೇಲೇ ತೊಳೆದರೆ ನಮಗೆ ನಷ್ಟ ಏನಿಲ್ಲ. ಮೀನು ಮರಿಗಳು ಬೆಳೆಯುವುದು ಆ ಸಣ್ಣ ಹಳ್ಳಗಳಲ್ಲೇ, ಮಳೆಗಾಲದಲ್ಲೇ.

ನರಸಿಂಹರಾಜಪುರದ ಕಡೆ ಕಥೆ ಬೇರೆ. ಅಲ್ಲಿ ಭದ್ರೆಯೇ ದೊಡ್ಡ ತೊಟ್ಟಿ ಆಗಿಹೋಗಿದೆ. ೧೯೬೦ರ ದಶಕದಲ್ಲಿ ಲಕ್ಕವಳ್ಳಿಯ ಅಣೆಕಟ್ಟು ಮುಗಿದು ಹಿನ್ನೀರು ನಿಂತಾಗ ಊರುಗಳು, ಗದ್ದೆಗಳು ಮುಳುಗಿದವು. ಜನ ಎದ್ದುಹೋದದ್ದನ್ನು ಎಲ್ಲರೂ ನೆನೆಯುತ್ತಾರೆ, ಮೀನಿನ ಸುದ್ದಿ ಯಾರೂ ಎತ್ತುವುದಿಲ್ಲ. ಕಾಟ್ಲಾ, ರೋಹುಗಳಿಗೆ ನಿಂತ ನೀರು ಒಗ್ಗುತ್ತದೆ. ಹರಿವಿಗೆ ಎದುರಾಗಿ ಈಜಿ ಹೋಗಿ ಜಲ್ಲಿಕಲ್ಲಿನ ನಡುವೆ ಮೊಟ್ಟೆ ಇಡುವ ಮಹಸೀರ್‌ಗೆ ಅಣೆಕಟ್ಟು ಅಂದರೆ ಬಾಗಿಲು ಹಾಕಿದ ಹಾಗೆ. ಇನ್ನೂ ಮೇಲೆ ಕುದುರೆಮುಖದಲ್ಲಿ ಭದ್ರೆಯ ತಲೆಯಲ್ಲೇ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟಿನ ೨೦೦೨ರ ತೀರ್ಪಿನಂತೆ ೨೦೦೫ರ ಕೊನೆಗೆ ಅದು ನಿಂತಿತು. ಅದಕ್ಕಾಗಿ ಹೋರಾಡಿದವರು ಕಾಡಿನ ಜೊತೆಗೆ ಹೊಳೆಯ ಹೂಳಿನ ಬಗ್ಗೆಯೂ ಮಾತಾಡುತ್ತಿದ್ದರು. ಜಲ್ಲಿಕಲ್ಲಿನ ಸಂದಿಗೆ ಹೂಳು ತುಂಬಿದರೆ ಮೊಟ್ಟೆಗೂ ಉಸಿರಿಲ್ಲ, ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾಕ್ಕೂ ಉಸಿರಿಲ್ಲ. ಫಿಲ್ಟರ್ ಕಟ್ಟಿಕೊಂಡ ತೊಟ್ಟಿಯ ಹಾಗೆಯೇ.

ಇನ್ನು ಶೃಂಗೇರಿ. ಮಳೆಗಾಲದಲ್ಲಿ ಕಪ್ಪೆಶಂಕರ ಮುಳುಗುವಷ್ಟು ನೀರು ಬಂದಾಗ ಹೊಳೆ ತನ್ನ ತೊಟ್ಟಿಯನ್ನು ತಾನೇ ತೊಳೆದುಕೊಳ್ಳುತ್ತದೆ. ಕಷ್ಟ ಇರುವುದು ಬೇಸಿಗೆಯಲ್ಲಿ, ಅಂದರೆ ಪ್ರವಾಸಿಗರೂ ಹೆಚ್ಚು ಬರುವ ಹೊತ್ತಿನಲ್ಲಿ. ಹರಿವು ಇಳಿದು, ಮೀನೆಲ್ಲ ಗುಂಡಿಗೆ ಸೇರಿ, ನೀರು ಬಿಸಿಯಾಗಿ, ಆಮ್ಲಜನಕ ಕಡಿಮೆಯಾದಾಗಲೇ ಮಂಡಕ್ಕಿಯ ಮೇಲೆ ಮಂಡಕ್ಕಿ ಬೀಳುತ್ತದೆ. ಪ್ಲಾಸ್ಟಿಕ್ ಕವರ್ ಕೂಡ. ತಿಂದದ್ದು, ತಿನ್ನದೆ ಕೊಳೆತದ್ದು ಎರಡೂ ಆ ನೀರೇ ಅರಗಿಸಬೇಕು. ಜೊತೆಗೆ ಬೆಳೆಯುವ ಊರಿನ ಚರಂಡಿಯೂ ಇಳಿದರೆ ಅಷ್ಟನ್ನೂ ತುಂಗೆ ಎಷ್ಟು ದಿನ ಅರಗಿಸಿಕೊಂಡೀತು?

ನಮ್ಮ ಹಿರಿಯರಿಗೆ ನೈಟ್ರೈಟ್, ನೈಟ್ರೇಟ್ ಗೊತ್ತಿರಲಿಲ್ಲ. ಆದರೆ ಆಗ ಮೀನನ್ನು ಬಿಟ್ಟರೆ ಸಾಕಿತ್ತು, ನೀರು ತನ್ನಷ್ಟಕ್ಕೆ ಚೆನ್ನಾಗಿತ್ತು. ಈಗ ನಮಗೆ ಅಷ್ಟೂ ಗೊತ್ತಿದೆ. ದೇವರ ಮೀನು ಅಂತ ಕೈ ಮುಗಿಯುವವರು ದೇವರ ನೀರು ಅಂತಲೂ ಅಂದುಕೊಳ್ಳಬೇಕಾದ ಕಾಲ ಇದು. ಮುಂದಿನ ಸಲ ಮೆಟ್ಟಿಲ ಮೇಲೆ ನಿಂತಾಗ ಒಂದು ಹಿಡಿ ಮಂಡಕ್ಕಿ ಕಡಿಮೆ ಹಾಕಿ, ಕವರನ್ನು ಜೇಬಿಗೆ ಹಾಕಿಕೊಳ್ಳಿ. ಮನೆಯ ತೊಟ್ಟಿಯ ಕಲ್ಲನ್ನು ಅದರ ಪಾಡಿಗೆ ಬಿಡಿ.

ನಿಮ್ಮ ಊರ ಹೊಳೆಯಲ್ಲೂ ಇಂಥ ದೇವರ ಗುಂಡಿ ಇದ್ದರೆ, ಇದ್ದು ಈಗ ಇಲ್ಲವಾಗಿದ್ದರೆ, ಅದರ ಬಗ್ಗೆ ನೀವೂ ಬರೆಯಿರಿ. ಅಂಥ ಗುಂಡಿಗಳಲ್ಲಿ ಎಷ್ಟೋ ಹಿರಿಯರ ಬಾಯಲ್ಲಿ ಮಾತ್ರ ಉಳಿದಿವೆ.